ಬದುಕಿದರೆ ಏಳು, ಹೋದರೆ ಎಂಟು

ನಮ್ಮ ಮನೆಯಲ್ಲಿ ನನ್ನನ್ನು ಬೈಯಲು ಒಂದೇ ಮಾತು ಸಾಕಾಗುತ್ತಿತ್ತು. ಕುಕ್ಕರಿನ ಆವಿ ಇಳಿಯುವ ಮೊದಲೇ ನಾನು ಮುಚ್ಚಳಕ್ಕೆ ಕೈಹಾಕಿದರೆ, ಆಟೊ ನಿಲ್ಲುವ ಮೊದಲೇ ಒಂದು ಕಾಲು ಹೊರಗಿಟ್ಟರೆ, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟರೆ, ಅಮ್ಮ ಯಾರಿಗೂ ಅಲ್ಲವೆಂಬಂತೆ ಗೋಡೆಯ ಕಡೆ ನೋಡಿ ಹೇಳುತ್ತಿದ್ದಳು: "ಏಳು ತಿಂಗಳಿಗೇ ಹುಟ್ಟಿದೋಳಲ್ವಾ, ಇನ್ನೇನು ಮಾಡ್ತಾಳೆ." ಬೇರೆಯವರ ಮನೆಯಲ್ಲಿ ಆತುರಗಾರರನ್ನು ಹೀಗೆ ಆಡಿಕೊಳ್ಳುವುದು ಬರೀ ತಮಾಷೆ. ನಮ್ಮ ಮನೆಯಲ್ಲಿ ಅದು ಸತ್ಯಸಂಗತಿ. ನಾನು ದಿನ ತುಂಬುವ ಮೊದಲೇ ಹುಟ್ಟಿದವಳು, ಏಳು ತಿಂಗಳ ಕೂಸು ಎಂದೇ ನೆಂಟರಲ್ಲೆಲ್ಲ ಹೆಸರಾದವಳು.

ಹಾಗಾಗಿ ನಾನು ದೊಡ್ಡವಳಾಗಿ ಡಾಕ್ಟರಾಗಿ, ಅದರಲ್ಲೂ ದಿನ ತುಂಬದೆ ಹುಟ್ಟುವ ಮಕ್ಕಳ ಬಗ್ಗೆಯೇ ಸಂಶೋಧನೆಗೆ ಇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ತನ್ನ ಕೇಸನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ ಎಂದು ಸೋದರಮಾವ ನಗೆಯಾಡಿದ್ದರು. ನಾನು ಮದುವೆಯಾಗಲಿಲ್ಲ. ಶಂಕರಪುರಂನ ಹಳೆಯ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮ ಶಾಲೆಯಲ್ಲಿ ಟೀಚರಾಗಿ ನಿವೃತ್ತಿಯಾದವಳು, ಈಗಲೂ ನನ್ನನ್ನು ಮೂರನೇ ಕ್ಲಾಸಿನವಳಂತೆ ನಡೆಸಿಕೊಳ್ಳುತ್ತಾಳೆ. ಆಸ್ಪತ್ರೆ ಇರುವುದು ಚಾಮರಾಜಪೇಟೆಯ ಕಡೆ, ಬೆಳಿಗ್ಗೆ ನಡೆದೇ ಹೋಗುತ್ತೇನೆ.

ನಮ್ಮ ಕೆಲಸ ಹೇಳಲು ಸುಲಭ. ಬಸುರಿ ಹೆಂಗಸರನ್ನು ಮೊದಲ ತಿಂಗಳುಗಳಲ್ಲೇ ಸೇರಿಸಿಕೊಳ್ಳುತ್ತೇವೆ. ಆಗ ಸ್ಕ್ಯಾನ್ ಮಾಡಿದರೆ ಮಗುವಿನ ವಯಸ್ಸು ಖಚಿತವಾಗಿ ಗೊತ್ತಾಗುತ್ತದೆ, ಆಮೇಲೆ ಅದನ್ನು ಯಾರೂ ಹಿಂದೆ ಮುಂದೆ ಎಳೆಯುವ ಹಾಗಿಲ್ಲ. ಅಲ್ಲಿಂದ ಹೆರಿಗೆಯವರೆಗೆ ರಕ್ತ ನೋಡುತ್ತೇವೆ, ಗರ್ಭಕೋಶದ ಬಾಯಿ ಬಿಗಿಯಾಗಿದೆಯೋ ಸಡಿಲವಾಗುತ್ತಿದೆಯೋ ಎಂದು ಅಳೆಯುತ್ತೇವೆ. ಒಬ್ಬಳಿಗೆ ದಿನ ತುಂಬಿ ಹೆರಿಗೆಯಾಗುತ್ತದೆ, ಅದೇ ಓಣಿಯ, ಅದೇ ಊಟ ಉಣ್ಣುವ ಇನ್ನೊಬ್ಬಳಿಗೆ ಮುಂಚೆಯೇ ನೋವು ಬಂದುಬಿಡುತ್ತದೆ. ಯಾಕೆ? ಇಷ್ಟು ವರ್ಷ ಕೆಲಸ ಮಾಡಿಯೂ ನನಗೆ ಅರ್ಧ ಉತ್ತರವಷ್ಟೇ ಸಿಕ್ಕಿದೆ, ಅದೂ ದಿನ ಬಿಟ್ಟು ದಿನ ಬದಲಾಗುತ್ತದೆ.

ಹೆಂಗಸರ ಹಿಂದಿನ ಹೆರಿಗೆಗಳ ಕಥೆಯನ್ನು ಕೇಳುವ ಕೆಲಸ ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕಿರಿಯರು ಕೇಳಿದರೆ ಕೇಳಿದ್ದಕ್ಕಷ್ಟೇ ಉತ್ತರ ಬರುತ್ತದೆ. ನಾನು ಹತ್ತಿರ ಕೂರಿಸಿಕೊಂಡು, ಅತ್ತೆ ಹೇಗೆ, ಮನೆಯಲ್ಲಿ ನೀರು ಯಾರು ಹೊರುತ್ತಾರೆ ಎಂದೆಲ್ಲ ಸುತ್ತಿ ಬಳಸಿ ಕೇಳುತ್ತಿದ್ದೆ. ಹಾಗೆ ಕೇಳುತ್ತ ಕೇಳುತ್ತ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮುಂಚೆ ಹುಟ್ಟಿಯೂ ಬದುಕಿದ ಮಕ್ಕಳೆಲ್ಲ ಏಳು ತಿಂಗಳಿಗೆ ಹುಟ್ಟಿದವು. ಹುಟ್ಟಿ ತೀರಿಹೋದವೆಲ್ಲ ಎಂಟು ತಿಂಗಳಿನವು. ಎಂಟರಲ್ಲಿ ಹುಟ್ಟಿ ಬದುಕಿದ ಮಗು ಒಂದೂ ಇಲ್ಲ!

ಇದು ಹೇಗೆ ಸಾಧ್ಯ? ಹೊಟ್ಟೆಯಲ್ಲಿ ಒಂದೊಂದು ದಿನ ಹೆಚ್ಚು ಇದ್ದಷ್ಟೂ ಮಗು ಗಟ್ಟಿ. ಏಳಕ್ಕಿಂತ ಎಂಟು ಒಳ್ಳೆಯದು, ಎಂಟಕ್ಕಿಂತ ಒಂಬತ್ತು. ಆದರೆ ನಮ್ಮ ಜನಕ್ಕೆ ತಲೆತಲಾಂತರದಿಂದ ಒಂದು ನಂಬಿಕೆ ಇದೆ. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ. ಆ ನಂಬಿಕೆಗೆ ತಕ್ಕಂತೆ ನೆನಪೇ ಬಾಗಿತ್ತು. ಮಗು ಬದುಕಿದ್ದರೆ ಅಮ್ಮಂದಿರು ಒಂದು ತಿಂಗಳು ಕಳೆಯುತ್ತಿದ್ದರು, ಹೋಗಿದ್ದರೆ ಒಂದು ತಿಂಗಳು ಸೇರಿಸುತ್ತಿದ್ದರು. ಬೇಕೆಂದು ಹೇಳಿದ ಸುಳ್ಳಲ್ಲ, ಅವರಿಗೆ ಹಾಗೇ ನೆನಪು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುವುದೂ ಇಲ್ಲ. ಈ ಒಂದು ಮಾತಿನಿಂದ ನನ್ನ ಲೆಕ್ಕ ಕೆಟ್ಟದ್ದು ಹಾಗಿರಲಿ, ಎಂಟು ತಿಂಗಳಿಗೆ ಹುಟ್ಟಿತು ಎಂದು ಗೊತ್ತಾದ ಕೂಡಲೇ ಮನೆಯವರ ಕೈ ಸೋತುಹೋಗುತ್ತಿತ್ತು. ಇನ್ನೇನು ಪ್ರಯೋಜನ ಎಂದು ಕೂತುಬಿಡುತ್ತಿದ್ದರು. ಸಂಜೆ ಮನೆಗೆ ಬಂದು ಅಮ್ಮನ ಮುಂದೆ ಇದನ್ನೆಲ್ಲ ಕಾರುತ್ತಿದ್ದೆ. ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಹೀಗೇ ಹೇಳುತ್ತಾರಲ್ಲ ಅಮ್ಮ, ನೀನಾದರೂ ನಿನ್ನ ಸ್ನೇಹಿತೆಯರಿಗೆ ತಿಳಿಸಿ ಹೇಳು ಎನ್ನುತ್ತಿದ್ದೆ. ಅಮ್ಮ ತಲೆಯೆತ್ತದೆ ಹೆಣೆಯುತ್ತಿದ್ದಳು. ನೀನು ಓದಿದೋಳು, ನಿಂಗೇ ಗೊತ್ತು ಎನ್ನುತ್ತಿದ್ದಳು.

ಅಮ್ಮ ಹೆಣೆಯುತ್ತಿದ್ದದ್ದು ಕುಲಾವಿಗಳನ್ನು. ನಮ್ಮ ವಾರ್ಡಿನ ಸಣ್ಣ ಮಕ್ಕಳಿಗೆ ತಲೆ ಬೆಚ್ಚಗಿರಬೇಕು, ಮೈಯ ಕಾವೆಲ್ಲ ಅಲ್ಲಿಂದಲೇ ಸೋರಿಹೋಗುತ್ತದೆ. ನಿವೃತ್ತಿಯಾದ ಮೇಲೆ ಅಮ್ಮ ಇದನ್ನೇ ಕಸುಬು ಮಾಡಿಕೊಂಡಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಆಡಿಕೊಳ್ತಾರೆ, ನಾನೋ ಊರಿನ ಕೂಸುಗಳಿಗೆಲ್ಲ ಮುಂಚೆಯೇ ಹೆಣೆದಿಟ್ಟಿದ್ದೇನೆ ಎಂದು ನಗುತ್ತಿದ್ದಳು. ಗಾಂಧಿಬಜಾರಿನಿಂದ ಮೆತ್ತನೆಯ ಉಣ್ಣೆ ತಂದು, ಮೂಸಂಬಿಯ ಮೇಲೆ ಹಾಕಿ ಅಳತೆ ನೋಡುತ್ತಿದ್ದಳು. ಆದರೆ ಒಂದು ಸಲ ಬಂದು ನೋಡಮ್ಮ, ನಿನ್ನ ಟೋಪಿ ಹಾಕಿಕೊಂಡು ಮಕ್ಕಳು ಹೇಗೆ ಕಾಣುತ್ತವೆ ಎಂದು ಎಷ್ಟು ಕರೆದರೂ ವಾರ್ಡಿಗೆ ಬರುತ್ತಿರಲಿಲ್ಲ. ಮಂಡಿ ನೋವು, ಆಸ್ಪತ್ರೆಯ ವಾಸನೆ, ಏನಾದರೂ ಒಂದು ನೆಪ.

ಆ ವರ್ಷ ನಮ್ಮ ಬಳಿ ಬಂದವರಲ್ಲಿ ಒಬ್ಬ ಹುಡುಗಿಯಿದ್ದಳು. ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚುಮಾಡುವ ಸಣ್ಣ ಪ್ರೆಸ್ಸಿನವರ ಮನೆಯ ಸೊಸೆ. ಕೆಳಗೆ ಪ್ರೆಸ್, ಮೇಲೆ ಮನೆ. ಅವಳ ಮೊದಲ ಮಗು ಹುಟ್ಟಿ ಎರಡನೇ ದಿನಕ್ಕೆ ತೀರಿಹೋಗಿತ್ತು. ಎಂಟು ತಿಂಗಳಿಗೆ ಹುಟ್ಟಿತ್ತು ಎಂದಳು, ಎಲ್ಲರಂತೆಯೇ. ಜೊತೆಗೆ ಬರುತ್ತಿದ್ದದ್ದು ಅತ್ತೆ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ, ಸೊಸೆಯನ್ನು ಮೆಟ್ಟಿಲು ಹತ್ತಿಸುವಾಗ ಅವಳ ಸೊಂಟಕ್ಕೆ ಕೈ ಕೊಟ್ಟು ನಡೆಸುವ ಹೆಂಗಸು. ಮುಂಗೋಪಿಯಂತೆ ಕಾಣುತ್ತಿದ್ದರು, ಆದರೆ ನಿಜವಾದ ಮುಂಗೋಪಿ ನಾನು, ಆದ್ದರಿಂದ ನಮ್ಮಿಬ್ಬರಿಗೂ ಸರಿಹೋಯಿತು.

ಹುಡುಗಿಗೆ ಎಂಟನೇ ತಿಂಗಳೆಂದರೆ ಜೀವಭಯ. ಅದೊಂದು ದಾಟಿಬಿಟ್ಟರೆ ಉಸಿರಾಡುತ್ತೇನೆ ಮೇಡಂ ಎನ್ನುತ್ತಿದ್ದಳು. ನಾನು ಪ್ರತಿ ಸಲವೂ ಅವಳಿಗೆ ಸ್ಕ್ಯಾನಿನ ಪರದೆ ತೋರಿಸಿ ವಾರದ ಲೆಕ್ಕ ಹೇಳಿಕೊಟ್ಟೆ. ಕ್ಯಾಲೆಂಡರಿನ ತಿಂಗಳಿಗೂ ಬಸುರಿನ ವಾರಕ್ಕೂ ಇರುವ ವ್ಯತ್ಯಾಸ ಹೇಳಿಕೊಟ್ಟೆ. ಜಾಣೆ, ಚೆನ್ನಾಗಿ ಕಲಿತಳು. ಕೊನೆಕೊನೆಗೆ ಪರೀಕ್ಷೆಗೆ ಮೊದಲೇ ಎಷ್ಟು ವಾರ ಎಂದು ಅವಳೇ ಹೇಳುತ್ತಿದ್ದಳು. ನನಗೆ ಹೆಮ್ಮೆಯಾಗುತ್ತಿತ್ತು. ಒಬ್ಬಳ ತಲೆಯಲ್ಲಾದರೂ ಸರಿಯಾದ ಲೆಕ್ಕ ಕೂತಿತಲ್ಲ ಎಂದು ಅಮ್ಮನಿಗೆ ಹೇಳಿಕೊಂಡಿದ್ದೆ.

ಎಂಟನೇ ತಿಂಗಳನ್ನು ದಾಟಲು ಅವಳಿಗಾಗಲಿಲ್ಲ. ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವಳಿಗೆ ನೋವು ಬಂತು. ಅತ್ತೆ ಎರಡನೇ ಮಾತಾಡದೆ ಆಟೊದಲ್ಲಿ ಕೂರಿಸಿಕೊಂಡು ಬಂದರು. ಮಗುವಿನ ಶ್ವಾಸಕೋಶ ಬಲಿಯಲಿ ಎಂದು ಇಂಜೆಕ್ಷನ್ ಕೊಟ್ಟರು, ನೋವು ತಡೆಯಲು ನೋಡಿದರು. ಮರುದಿನ ಹೆಣ್ಣು ಮಗು ಹುಟ್ಟಿತು. ಸಣ್ಣದು, ಆದರೆ ಹುಟ್ಟಿದ ಕೂಡಲೇ ಅತ್ತಿತು. ಸ್ವಲ್ಪ ಹೊತ್ತು ಉಸಿರಿಗೆ ಆಸರೆ ಬೇಕಾಯಿತು, ಆಮೇಲೆ ಅದೂ ಬೇಡವಾಯಿತು. ಮಕ್ಕಳ ಡಾಕ್ಟರು ನನ್ನ ಹತ್ತಿರ, ಇದಕ್ಕೆ ಈಗ ಔಷಧಿಗಿಂತ ಅಮ್ಮನ ಹಾಲು, ಅಮ್ಮನ ಮೈಯ ಬಿಸಿ ಬೇಕು, ಎದೆಗೆ ಕಟ್ಟಿಕೊಂಡು ಕೂತರೆ ಗೆದ್ದ ಹಾಗೆ ಎಂದರು.

ಆದರೆ ಆ ಹುಡುಗಿ ಮಗುವನ್ನು ನೋಡಲು ಒಪ್ಪಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಾಲು ಹಿಂಡಿ ಕೊಡು ಎಂದರೆ ಕೈ ಎತ್ತಲಿಲ್ಲ. ನರ್ಸುಗಳು ಗದರಿದರು, ಗಂಡ ಬಂದು ಅತ್ತ. ನಾನು ಮಂಚದ ತುದಿಯಲ್ಲಿ ಕೂತು, ಮಗು ಗಟ್ಟಿಯಾಗಿದೆ, ಎಂಟು ತಿಂಗಳ ಮಗು ಏಳು ತಿಂಗಳದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಎಂದು ಮತ್ತೆ ಪಾಠ ಶುರುಮಾಡಿದೆ. ಅವಳು ಗೋಡೆಯ ಕಡೆಯೇ ನೋಡುತ್ತ ಮಾತಾಡಿದಳು.

"ಹೋದ್ಸಲ ಅದರ ಮುಖ ನೋಡಿದ್ದೆ ಮೇಡಂ. ಎರಡು ದಿನ ನೋಡಿದ್ದೆ. ಈ ಸಲ ನೋಡಲ್ಲ."

ಹೊರಗೆ ಕಾರಿಡಾರಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು.

"ಡಾಕ್ಟ್ರೇ, ಒಂದ್ಮಾತು ಹೇಳ್ಬಿಡಿ. ಲೆಕ್ಕ ತಪ್ಪಾಗಿತ್ತು, ಇದು ಏಳೇ ಅಂತ. ನೀವು ಹೇಳಿದ್ರೆ ನಂಬ್ತಾಳೆ."

ನನ್ನ ವೃತ್ತಿಯುದ್ದಕ್ಕೂ ಯಾವ ಸುಳ್ಳಿನ ವಿರುದ್ಧ ಗುದ್ದಾಡಿದ್ದೆನೋ ಅದನ್ನೇ ಹೇಳಿ ಎಂದು ಕೇಳುತ್ತಿದ್ದರು. ನಾನು ರೇಗಲಿಲ್ಲ. ರೇಗುವ ಶಕ್ತಿ ಇರಲಿಲ್ಲ. ಹೇಳಿಬಿಡಲೇ ಎಂದು ನಿಜವಾಗಿ ಯೋಚಿಸಿದೆ. ಆದರೆ ಹೇಳಿದರೂ ಅವಳು ನಂಬುವ ಹಾಗಿರಲಿಲ್ಲ. ಹಿಂದಿನವರಿಗೆ ಒಂದು ತಿಂಗಳು ಆಚೀಚೆ ಮಾಡಿಕೊಳ್ಳುವ ಸವಲತ್ತು ಇತ್ತು. ಅವಳಿಗೆ ಅದನ್ನು ಇಲ್ಲದ ಹಾಗೆ ಮಾಡಿದ್ದು ನನ್ನ ಸ್ಕ್ಯಾನು, ನನ್ನ ಪಾಠ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಗಿತ್ತು ನನ್ನ ಸ್ಥಿತಿ.

ಸಂಜೆ ಮನೆಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಮಗು ಬದುಕುವ ಮಗು, ಹೆತ್ತವಳು ಮುಟ್ಟದಿದ್ದರೆ ಕೈತಪ್ಪಿ ಹೋದರೂ ಹೋಗಬಹುದು, ನನಗೇನೂ ಮಾಡಲು ತೋಚುತ್ತಿಲ್ಲ ಎಂದೆ. ಹೇಳುತ್ತ ಅಳು ಬಂತು. ಅಮ್ಮನ ಕಡ್ಡಿಗಳು ನಿಂತವು. ಅವಳು ಅಡುಗೆಮನೆಗೆ ಹೋಗಿ ದೀಪ ಹಚ್ಚಿದಳು, ಬಹಳ ಹೊತ್ತು ದೇವರ ಮುಂದೆ ಕೂತಿದ್ದಳು.

ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ನೋಡಿದರೆ ಅಮ್ಮ ಇಸ್ತ್ರಿ ಸೀರೆಯುಟ್ಟು, ಫ್ಲಾಸ್ಕಿನಲ್ಲಿ ಮೆಂತ್ಯದ ಗಂಜಿ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. "ಆಟೊ ಕರಿ, ನಾನೂ ಬರ್ತೀನಿ" ಎಂದಳು. ಮಂಡಿ ನೋವು ಎಲ್ಲಿಗೆ ಹೋಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ವಾರ್ಡಿನಲ್ಲಿ ಅಮ್ಮ ಮಕ್ಕಳ ಕಡೆ ನೋಡಲೇ ಇಲ್ಲ. ನೇರವಾಗಿ ಹುಡುಗಿಯ ಮಂಚದ ಬಳಿ ಹೋಗಿ, ಅತ್ತೆ ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಕೂತು, ಗಂಜಿ ಬಗ್ಗಿಸಿದಳು. ಅವಳು ಕುಡಿಯಲಿಲ್ಲ. ಅಮ್ಮ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ಗಲ್ಲ ಎತ್ತಿ ತೋರಿಸಿದಳು.

"ಇವಳನ್ನ ನೋಡಮ್ಮಾ. ಇವಳು ಎಂಟು ತಿಂಗಳಿಗೆ ಹುಟ್ಟಿದೋಳು."

ನನಗೆ ಮೊದಲು ಬಂದದ್ದು ಮುಜುಗರ. ಸಮಾಧಾನಕ್ಕೆಂದು ಇನ್ನೊಂದು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು, ಅಮ್ಮಾ, ಸುಮ್ನೆ ಸುಳ್ಳು ಹೇಳ್ಬೇಡ ಎಂದೆ.

"ಸುಳ್ಳು ಹೇಳಿದ್ದು ಆಗ ಕಣೇ. ಈಗಲ್ಲ" ಎಂದಳು ಅಮ್ಮ. ನನ್ನ ಕಡೆ ತಿರುಗಲೂ ಇಲ್ಲ, ಆ ಹುಡುಗಿಗೇ ಹೇಳತೊಡಗಿದಳು.

ಹೀಗೆ, ಐವತ್ತು ದಾಟಿದ ಮೇಲೆ, ನನ್ನ ಹುಟ್ಟಿನ ಕಥೆಯನ್ನು ಅಮ್ಮ ಬೇರೆಯವರಿಗೆ ಹೇಳುವಾಗ ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ನನ್ನ ಅಜ್ಜಿಗೆ, ಎಂದರೆ ಅಪ್ಪನ ತಾಯಿಗೆ, ಎರಡು ಮಕ್ಕಳು ಎಂಟರಲ್ಲಿ ಹುಟ್ಟಿ ಹೋಗಿದ್ದವಂತೆ. ಎಂಟು ಎಂಬ ಮಾತನ್ನೇ ಆ ಮನೆಯಲ್ಲಿ ಆಡುತ್ತಿರಲಿಲ್ಲ. ಅಂಥ ಮನೆಯ ಸೊಸೆಗೆ, ಮಲ್ಲೇಶ್ವರದ ತವರಿಗೆ ಬಂದಿದ್ದಾಗ, ಎಂಟನೇ ತಿಂಗಳಲ್ಲಿ ನಾನು ಹುಟ್ಟಿದೆ. ಸೊಸೆಗೆ ಯಾವ ತಿಂಗಳು ಎಂಬುದು ಅತ್ತೆಗೆ ಗೊತ್ತಿಲ್ಲದೆ ಹೋಗುವ ಕಾಲ ಅದಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಮನೆಗಳಲ್ಲಿ ಯಾರು ಕೂತರು, ಯಾರು ಕೂರಲಿಲ್ಲ ಎಂಬುದು ಇಡೀ ಮನೆಗೆ ಗೊತ್ತು. ಆದರೆ ಮುಟ್ಟು ನಿಂತ ಆ ಮೊದಲ ತಿಂಗಳು ಅಮ್ಮ ಒಂದು ಮದುವೆಗೆಂದು ತವರಿನಲ್ಲಿದ್ದಳು. ಅದೇ ಅವಳನ್ನು ಉಳಿಸಿತು. ಆಗ ಇಲ್ಲೇ ಹೊರಗಾಗಿದ್ದಳು, ನಾವು ಹೇಳಲು ಮರೆತೆವು ಎಂದು ಅಮ್ಮನ ತಾಯಿ ಬೀಗಿತ್ತಿಗೆ ಹೇಳಿ ಕಳಿಸಿದರು. ಒಂದು ತಿಂಗಳು ಹಾಗೆ ಮಾಯವಾಯಿತು. ನಾನು ಏಳು ತಿಂಗಳ ಕೂಸಾದೆ.

"ಎಂಟು ಅಂದಿದ್ರೆ ನಮ್ಮತ್ತೆ ಇವಳನ್ನ ಎತ್ಕೊಳ್ತಿರಲಿಲ್ಲ" ಎಂದಳು ಅಮ್ಮ. "ಕೆಟ್ಟೋರಲ್ಲ ಅವರು. ಹೆದರಿದ್ರು. ನಿನ್ನ ಥರಾನೇ."

ಗೋಡೆಯ ಕಡೆಗಿದ್ದ ತಲೆ ಅಲ್ಲಾಡಿತು. ಅವಳ ದನಿ ಬಂತು. "ಆಮೇಲೆ ಎತ್ಕೊಂಡ್ರಾ?"

ಎತ್ತಿಕೊಂಡರಂತೆ. ಏಳು ಎಂದು ಕೇಳಿದ್ದೇ ಅಜ್ಜಿ ಮಲ್ಲೇಶ್ವರಕ್ಕೆ ಬಂದು ಕೂತರಂತೆ. ನನ್ನನ್ನು ಹತ್ತಿಯಲ್ಲಿ ಸುತ್ತಿ, ರವಿಕೆಯೊಳಗೆ ಎದೆಗೆ ಒತ್ತಿಟ್ಟುಕೊಂಡು, ಮೇಲೆ ಸೆರಗು ಮುಚ್ಚಿ, ಅಮ್ಮ ಹಿಂಡಿಕೊಟ್ಟ ಹಾಲನ್ನು ಒಳಲೆಯಲ್ಲಿ ಹನಿ ಹನಿಯಾಗಿ ಕುಡಿಸಿದರಂತೆ. ಊಟಕ್ಕೂ ಕೆಳಗಿಡುತ್ತಿರಲಿಲ್ಲವಂತೆ. ನಾವು ಈಗ ದೊಡ್ಡ ದೊಡ್ಡ ಸಭೆಗಳಲ್ಲಿ ಚಿತ್ರ ತೋರಿಸಿ ಹೇಳುವುದೂ ಇದನ್ನೇ.

"ಏಳು ಅಂದಿದ್ದಕ್ಕೆ ಇವಳು ಬದುಕಲಿಲ್ಲಮ್ಮಾ" ಎಂದಳು ಅಮ್ಮ. "ಎತ್ಕೊಂಡಿದ್ದಕ್ಕೆ ಬದುಕಿದ್ಳು. ಎಂಟು ತಿಂಗಳ ಮಗುವೇ ಅದು, ನಾನು ಹೆತ್ತೋಳು, ನಂಗೆ ಗೊತ್ತು. ಈಗ ನೋಡು, ಹೇಗೆ ಎಲ್ಲರ ಮೇಲೂ ಜೋರು ಮಾಡ್ಕೊಂಡು ಓಡಾಡ್ತಾಳೆ."

ಹುಡುಗಿ ಈ ಕಡೆ ಹೊರಳಿದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಇಷ್ಟು ತಿಂಗಳು ನೋಡದವಳಂತೆ. ನನ್ನ ನರೆತ ಕೂದಲು, ದಪ್ಪ ಕನ್ನಡಕ, ಸೊಂಟದ ಸುತ್ತಳತೆ ಎಲ್ಲವನ್ನೂ ಪರೀಕ್ಷಿಸಿದಳು. ಸಂಶೋಧನೆ ಮಾಡುವವಳು ನಾನು, ಆ ಹೊತ್ತಿನಲ್ಲಿ ಸಾಕ್ಷಿಯೂ ನಾನೇ ಆಗಿ ನಿಂತಿದ್ದೆ. ಆಮೇಲೆ ಅವಳು ಗಂಜಿಯ ಲೋಟಕ್ಕೆ ಕೈ ಚಾಚಿದಳು. ಅರ್ಧ ಕುಡಿದು, ಅತ್ತೆಯ ತೋಳು ಹಿಡಿದುಕೊಂಡು ಎದ್ದಳು.

ಮಗುವನ್ನು ಅವಳ ಎದೆಯ ಮೇಲೆ ಇಟ್ಟು ನರ್ಸು ಬಟ್ಟೆ ಕಟ್ಟಿದರು. ಅಮ್ಮ ಚೀಲದಿಂದ ಹಳದಿ ಕುಲಾವಿಯೊಂದನ್ನು ತೆಗೆದು ತಾನೇ ಅದರ ತಲೆಗೆ ಹಾಕಿದಳು. ಅಷ್ಟು ಸಣ್ಣ ಮಗುವನ್ನು ಅವಳು ನನ್ನ ನಂತರ ಮುಟ್ಟಿದ್ದು ಅದೇ ಮೊದಲಂತೆ.

ಹಿಂತಿರುಗಿ ಬರುವಾಗ ಆಟೊದಲ್ಲಿ ನಾನು ಅಮ್ಮನ ಮೇಲೆ ಹರಿಹಾಯ್ದೆ. ಆಗ ಸುಳ್ಳು ಹೇಳಿದ್ದು ಸರಿ. ಅಜ್ಜಿ ಹೋಗಿ ಎಷ್ಟು ವರ್ಷವಾಯಿತು? ನಾನು ದಿನಾ ಬಂದು ಇದೇ ವಿಷಯಕ್ಕೆ ತಲೆ ಚಚ್ಚಿಕೊಳ್ಳುವಾಗ, ನನ್ನ ವಿಷಯವನ್ನು ನನಗೇ ಹೇಳಬಾರದಿತ್ತೇ? ಅಮ್ಮ ಹೊರಗಿನ ಅಂಗಡಿಗಳನ್ನು ನೋಡುತ್ತಿದ್ದಳು.

"ಬಾಯಿಗೆ ಬರ್ತಿರಲಿಲ್ಲ ಕಣೇ" ಎಂದಳು. "ನೀನು ಹೇಳೋದೆಲ್ಲ ಸರೀನೇ. ಆದ್ರೂ ಬಾಯಿಬಿಟ್ಟು ಎಂಟು ಅಂದ್ರೆ ನಿಂಗೇನಾದ್ರೂ ಆಗ್ಬಿಡತ್ತೇನೋ ಅಂತ. ಈಗ್ಲೂ."

ಐವತ್ತು ದಾಟಿದ, ರಕ್ತದೊತ್ತಡದ ಮಾತ್ರೆ ನುಂಗುವ ಮಗಳನ್ನು ಈ ಹೆಂಗಸು ಇನ್ನೂ ಆ ಎಂಟರಿಂದ ಕಾಯುತ್ತಿದ್ದಳು. ಅಷ್ಟು ಭಯವಿಟ್ಟುಕೊಂಡೂ, ಗುರುತೇ ಇಲ್ಲದ ಒಂದು ಮಗುವಿಗಾಗಿ ಎದ್ದು ಬಂದು ಹೇಳಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಮಗು ತೂಕ ಹಿಡಿಯಿತು, ಮನೆಗೆ ಹೋಯಿತು. ಕೆಲವು ತಿಂಗಳ ಮೇಲೆ ನಾಮಕರಣಕ್ಕೆ ಕರೆದರು, ತಮ್ಮದೇ ಪ್ರೆಸ್ಸಿನಲ್ಲಿ ಅಚ್ಚಾದ ಕಾರ್ಡು ಕೊಟ್ಟು. ಅಮ್ಮ ಈ ಸಲವೂ ಇಸ್ತ್ರಿ ಸೀರೆಯುಟ್ಟು ಬಂದಳು. ಪ್ರೆಸ್ಸಿನ ಮೇಲಿನ ಹಜಾರದಲ್ಲಿ ತೊಟ್ಟಿಲು ಕಟ್ಟಿದ್ದರು. ಪೇಟೆಯ ಕಡೆಯ ನೆಂಟರೊಬ್ಬರು ಮಗುವನ್ನು ನೋಡಿ, ಮುಂಚೆ ಹುಟ್ಟಿತಂತಲ್ಲ, ಎಷ್ಟು ತಿಂಗಳಿಗೆ ಎಂದು ವಿಚಾರಿಸಿದರು. ಅತ್ತೆ ಅಭ್ಯಾಸಬಲದಿಂದ ಏಳು ಎಂದರು. ತೊಟ್ಟಿಲ ಹಗ್ಗ ಹಿಡಿದಿದ್ದ ಹುಡುಗಿ ತೂಗುವುದನ್ನು ನಿಲ್ಲಿಸದೆ, "ಎಂಟು ಅತ್ತೆ" ಎಂದಳು. ಅತ್ತೆ ಒಂದು ಕ್ಷಣ ಸೊಸೆಯ ಮುಖ ನೋಡಿದರು. ಆಮೇಲೆ ನೆಂಟರ ಕಡೆ ತಿರುಗಿ, ಹೌದು, ಎಂಟೇ ಎಂದು, ಹೋಳಿಗೆ ಬಡಿಸಲು ಎದ್ದರು.

ಮನೆಗೆ ಮರಳುವಾಗ ಆಟೊದಲ್ಲಿ ಅಮ್ಮ ನನ್ನ ಪಕ್ಕ ಕೂತಿದ್ದಳು. ಮಡಿಲಲ್ಲಿ ತಾಂಬೂಲದ ಚೀಲ. ನಮ್ಮ ರಸ್ತೆಯ ತಿರುವಿನಲ್ಲಿ ಆಟೊ ಇನ್ನೂ ನಿಂತಿರಲಿಲ್ಲ, ನಾನು ಎಂದಿನಂತೆ ಒಂದು ಕಾಲು ಹೊರಗಿಟ್ಟೆ. ಅಮ್ಮ ನನ್ನ ಸೆರಗು ಹಿಡಿದು ಒಳಗೆಳೆದಳು. ಹಳೆಯ ಬೈಗುಳಕ್ಕಾಗಿ ಕಾದೆ. ಅವಳು ಗಂಟಲು ಸರಿಮಾಡಿಕೊಂಡು, ಆಟೊದವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಎಂಟು ತಿಂಗಳು ಹೊಟ್ಟೇಲಿದ್ದೋಳು ನೀನು. ಇನ್ನೊಂದು ನಿಮಿಷ ಕೂರಕ್ಕೆ ಏನೇ ಕಷ್ಟ?"